ಕುಣಿಯುವ ಕಾಲಿಗೆ ಬಲ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ ವೇಣುಗೋಪಾಲಸ್ವಾಮಿಯ ಗುಡಿಯಿದೆ. ಮಕ್ಕಳ ಭಾಗ್ಯಕ್ಕಾಗಿ ಹರಕೆ ಹೊತ್ತು ಬರುವವರ ಸ್ಥಳವೆಂದು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಆ ಗುಡಿಗೆ ಹೋಗದವರೂ ವೇಣುಗೋಪಾಲನ ನಿಲುವನ್ನು ಗೋಡೆಯ ಪಟದಲ್ಲಾದರೂ ಕಂಡಿದ್ದೀರಿ. ಮೈಭಾರವೆಲ್ಲ ಒಂದು ಕಾಲಿನ ಮೇಲೆ. ಇನ್ನೊಂದು ಕಾಲು ಅಡ್ಡ ಹಾಯ್ದು ಬೆರಳತುದಿ ಮಾತ್ರ ನೆಲಕ್ಕೆ ಸೋಕಿದೆ. ಎರಡು ಕೈಗಳೂ ಕೊಳಲಿಗೆ ಮೀಸಲು. ಇಂದು ಊಟಕ್ಕೆ ಮುಂಚೆ ನೀವೂ ಹಾಗೆ ಅರ್ಧ ನಿಮಿಷ ನಿಂತು ನೋಡಿ. ಕೈ ತಾನಾಗಿ ಗೋಡೆಯನ್ನು ಹುಡುಕಿಕೊಂಡು ಹೋದರೆ ನಾಚಬೇಕಾದುದಿಲ್ಲ. ಆದರೆ ಮೈ ಏನೋ ಒಂದು ಮಾತು ಹೇಳುತ್ತಿದೆಯೆಂದು ತಿಳಿಯಿರಿ. ಆ ಮಾತನ್ನೇ ನಾನಿಂದು ನಿಮ್ಮೊಡನೆ ಆಡಬೇಕೆಂದಿದ್ದೇನೆ.

ದೇಹದಾರ್ಢ್ಯವೆಂದರೆ ತೋಳಿನ ಗಾತ್ರವೆಂದು ಬಹು ಜನರ ಎಣಿಕೆ. ಅದು ಸರಿಯಲ್ಲ. ಆರೋಗ್ಯಕ್ಕೆ ಆಧಾರವಾದ ಅಂಗಗಳು ಐದು. ಮೊದಲನೆಯದು, ಬಹಳ ಹೊತ್ತು ದುಡಿದರೂ ಏದುಸಿರು ಬಿಡದ ಹೃದಯ ಶ್ವಾಸಕೋಶಗಳ ತಾಳಿಕೆ. ಎರಡನೆಯದು ಮಾಂಸಖಂಡಗಳ ಬಲ: ತುಂಬಿದ ಕೊಡವನ್ನು ಎತ್ತುವುದು. ಮೂರನೆಯದು ಅವುಗಳ ತಾಳಿಕೆ: ಎತ್ತಿದ ಕೊಡವನ್ನು ಮನೆಯವರೆಗೆ ಹೊರುವುದು. ನಾಲ್ಕನೆಯದು ಕೀಲುಗಳ ಮಣಿತ. ಐದನೆಯದು ಮೈಯಲ್ಲಿ ಕೊಬ್ಬೂ ಮಾಂಸವೂ ಇರಬೇಕಾದ ಪ್ರಮಾಣದಲ್ಲಿರುವುದು. ಇವಲ್ಲದೆ ಕೌಶಲಕ್ಕೆ ಸೇರಿದ ಆರು ಗುಣಗಳುಂಟು: ಸಮತೋಲ, ಚುರುಕು, ಅಂಗಾಂಗಗಳ ಹೊಂದಾಣಿಕೆ, ವೇಗ, ರಭಸ ಮತ್ತು ಕಂಡ ಕೂಡಲೇ ಮೈ ಎಚ್ಚರಗೊಳ್ಳುವ ಶೀಘ್ರತೆ.

ಈ ಪಟ್ಟಿಯನ್ನು ನಾನು ಬಹುಕಾಲ ತರಗತಿಯಲ್ಲಿ ಒಪ್ಪಿಸಿದವನು. ಅಂಗಸಾಧನೆಯ ಉಪಾಧ್ಯಾಯನಾಗಿದ್ದೆ. ಆದರೆ ಇದರ ಅರ್ಥ ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಹೆಮ್ಮರಗಾಲದ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಕವಾಯತಿಗೆ ನಿಲ್ಲಿಸಿದರೆ ಎಡವೆಂದಾಗ ಬಲಗಾಲು, ಬಲವೆಂದಾಗ ಎಡಗಾಲು. ಇಡೀ ಸಾಲು ಕೆಡುತ್ತದೆಂದು ಅವನನ್ನು ಹಿಂದಕ್ಕೆ ದಬ್ಬಿದೆ. ಕೊನೆಗೆ ಮರದ ನೆರಳಿನಲ್ಲಿ ಕೂರಿಸಿದೆ. 'ಇವನ ಮೈ ಮಂದ' ಎಂದು ಇತರ ಹುಡುಗರ ಎದುರಿಗೇ ಅಂದೆ. ಅದೇ ವರ್ಷ ಒಂದು ಊರಹಬ್ಬದ ರಾತ್ರಿ ಬೀಸುಕಂಸಾಳೆಯ ಮೇಳದ ನಡುವೆ ಆ ಹುಡುಗನನ್ನು ಕಂಡೆ.

ಕಂಸಾಳೆ ನಮ್ಮ ಮೈಸೂರು, ಚಾಮರಾಜನಗರ ಸೀಮೆಯ ಸೊತ್ತು. ಮಲೆ ಮಹದೇಶ್ವರನ ದೇವರಗುಡ್ಡರ ವಾದ್ಯ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಕುಳಿತು ಮಾದಪ್ಪನ ಕಥೆ ಹಾಡುವಾಗ ಇವು ಮೆಲ್ಲನೆ ನುಡಿಯುತ್ತವೆ. ಬೀಸುಕಂಸಾಳೆಯಲ್ಲಾದರೋ ಆ ಚಪ್ಪಟೆ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ತೊಡೆಯ ಕೆಳಗೆ ಸುತ್ತಿ ಬಂದು, ಒಮ್ಮೆ ತನ್ನ ಬಟ್ಟಲಿಗೆ, ಒಮ್ಮೆ ಪಕ್ಕದವನ ಬಟ್ಟಲಿಗೆ ಬಡಿಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಲೋಹ ಹೋಗಿ ಬೀಳುವುದು ಗೆಳೆಯನ ಮುಖಕ್ಕೆ. ನಾನು ಮಂದನೆಂದ ಹುಡುಗ ಮಂಡಿಯೂರಿ, ಹಿಂದಕ್ಕೆ ಬಾಗಿ, ಎದ್ದು, ತಿರುಗಿ, ಒಂದು ಪೆಟ್ಟೂ ತಪ್ಪದೆ ಕುಣಿದ. ನನ್ನ ಪಟ್ಟಿಯ ಹನ್ನೊಂದು ಗುಣಗಳೂ ಅವನ ಮೈಯಲ್ಲಿದ್ದುವು.

ಮರುದಿನ ಅವನನ್ನು ಕರೆದು, 'ಅಲ್ಲವೋ, ಕವಾಯತಿನಲ್ಲಿ ನಿನಗೇನಾಗುತ್ತದೆ?' ಎಂದೆ. ಅವನು ತಲೆ ತಗ್ಗಿಸಿಕೊಂಡೇ, 'ನೀವು ಪೀಪಿ ಊದ್ತೀರಿ ಸಾ, ಅದ್ರಲ್ಲಿ ತಾಳನೇ ಇಲ್ವಲ್ಲ' ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗರೆದುರು ಆಡಿದ ಮಾತನ್ನು ಹುಡುಗರೆದುರೇ ಹಿಂದಕ್ಕೆ ತೆಗೆದುಕೊಂಡೆ. ಆದರೆ ನೆರಳಿನಲ್ಲಿ ಅವನು ಕುಳಿತ ದಿನಗಳನ್ನು ಹಿಂದಕ್ಕೆ ಕೊಡಲಾಗಲಿಲ್ಲ.

ಜನಪದ ಕುಣಿತದ ಮೊದಲ ಪಾಠ ಅವನು ಹೇಳಿದ್ದೇ: ತಾಳ ಮೊದಲು, ಹೆಜ್ಜೆ ಅನಂತರ. ಕಿವಿ ತಾಳವನ್ನು ಹಿಡಿದರೆ ಕಾಲು ಅದನ್ನು ಹಿಂಬಾಲಿಸುತ್ತದೆ. ಎರಡನೆಯ ಪಾಠ, ಮಂಡಿ ಬಿಗಿಯಾಗಿರಬಾರದು. ತುಸು ಮಣಿದ ಮಂಡಿಯೇ ಕುಣಿತದ ಕೀಲೆಣ್ಣೆ. ಮೂರನೆಯದು ವಿನ್ಯಾಸ: ಸಾಲು, ಎದುರು ಬದುರು, ವೃತ್ತ. ವೃತ್ತದಲ್ಲಿ ಹಿಂದೆ ನಿಲ್ಲುವವನೆಂಬುವನೇ ಇಲ್ಲ. ನಾಲ್ಕನೆಯದು, ಮೆಲ್ಲಗೆ ಮೊದಲಾಗಿ ಕ್ರಮೇಣ ವೇಗಕ್ಕೇರಿ ಮತ್ತೆ ಇಳಿಯುವುದು. ಇಂದಿನ ವೈದ್ಯರು ವ್ಯಾಯಾಮಕ್ಕೆ ಹೇಳುವ ನಿಯಮವೂ ಇದೇ.

ನಮ್ಮ ಒಂದೊಂದು ಕುಣಿತವೂ ಮೈಯ ಒಂದೊಂದು ಗುಣವನ್ನು ವಿಶೇಷವಾಗಿ ಸಾಕುತ್ತದೆ. ದಸರೆಯಲ್ಲಿ ಜಂಬೂಸವಾರಿಗೆ ಮುನ್ನ ಅರಮನೆಯ ಬಾಗಿಲಲ್ಲಿ ನಂದಿಧ್ವಜಕ್ಕೆ ಪೂಜೆಯಾಗುವುದನ್ನು ನೀವು ನೋಡಿದ್ದೀರಿ. ಆ ಉದ್ದನೆಯ ಕಂಬದ ಬುಡವನ್ನು ಸೊಂಟದ ಪಟ್ಟಿಗೆ ಊರಿ ಕುಣಿಯುವವನಿಗೆ ಬೇಕಾದದ್ದು ಬೆನ್ನು ಹೊಟ್ಟೆಗಳ ಬಲ ಮತ್ತು ಸಮತೋಲ. ಜಡೆ ಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು, ಒಬ್ಬರ ಒಳಗೊಬ್ಬರು ನುಸುಳಿ ಜಡೆ ಹೆಣೆದು, ಅದೇ ಹೆಜ್ಜೆಯಲ್ಲಿ ಹಿಂದಿರುಗಿ ಬಿಚ್ಚಬೇಕು. ಒಬ್ಬನು ಮರೆತರೆ ಎಲ್ಲರಿಗೂ ಸಿಕ್ಕು. ಇಲ್ಲಿ ಕಾಲಿನಷ್ಟೇ ನೆನಪಿಗೂ ಸಾಮು.

ನೆನಪಿನ ಮಾತು ಬಂತು. ಅಮೆರಿಕದ ನ್ಯೂಯಾರ್ಕಿನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ, 2003ರಲ್ಲಿ ವೈದ್ಯರು ಒಂದು ವರದಿ ಪ್ರಕಟಿಸಿದರು. ಅವರು ಪರಿಶೀಲಿಸಿದ ದೈಹಿಕ ಹವ್ಯಾಸಗಳ ಪೈಕಿ, ಮರೆವಿನ ರೋಗ ಕಡಿಮೆಯಾಗಿರುವುದರೊಡನೆ ನಂಟು ಕಂಡುಬಂದದ್ದು ನೃತ್ಯವೊಂದಕ್ಕೇ. ಕುಣಿದರೆ ಮರೆವು ಬಾರದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕುಣಿಯುವಷ್ಟು ಚೆನ್ನಾಗಿದ್ದವರೇ ಕುಣಿದಿರಲೂಬಹುದು. ಆದರೂ ಆಲೋಚಿಸತಕ್ಕ ವಿಷಯವೇ ಸರಿ.

ಎಷ್ಟು ಹೊತ್ತು ಕುಣಿಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಹದವಾದ ಶ್ರಮ ಬೇಕು. ಶಾಲೆಯ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ವಯಸ್ಸಾದವರು ವಾರದಲ್ಲಿ ಮೂರು ದಿನವಾದರೂ ಸಮತೋಲಕ್ಕೂ ಬಲಕ್ಕೂ ಸಾಧನೆ ಮಾಡುವುದು ಒಳ್ಳೆಯದು. ಬಿದ್ದು ಮೂಳೆ ಮುರಿದುಕೊಳ್ಳುವ ಭಯ ಅದರಿಂದ ತಗ್ಗುತ್ತದೆ. ಹದವಾದ ಶ್ರಮವೆಂದರೆ ಯಾವುದು? ಅಳೆಯಲು ಯಂತ್ರ ಬೇಡ. ಮಾತಾಡಲು ಉಸಿರಿದ್ದು, ಹಾಡಲು ಸಾಲದಿದ್ದರೆ ಅದೇ ಹದ.

ಮನೆಯಲ್ಲೇ ಹೀಗೆ ಆರಂಭಿಸಿ. ಐದು ನಿಮಿಷ ನಡೆದಾಡಿ, ಕೈಕಾಲು ಕೀಲುಗಳನ್ನು ಸಡಿಲಿಸಿಕೊಳ್ಳಿ. ಮನೆಯವರೆಲ್ಲ ಬರಿಗಾಲಲ್ಲಿ ವೃತ್ತವಾಗಿ ನಿಲ್ಲಿ. ಬಲಗಾಲನ್ನು ಪಕ್ಕಕ್ಕಿಟ್ಟು ಎಡಗಾಲನ್ನು ಕೂಡಿಸಿ. ಮತ್ತೆ ಬಲಗಾಲು, ಮತ್ತೆ ಎಡಗಾಲು. ನಾಲ್ಕನೆಯ ಎಣಿಕೆಗೆ ಚಪ್ಪಾಳೆ. ಅನಂತರ ಎಡಕ್ಕೆ ಅದೇ ನಾಲ್ಕು. ಈ ಎಂಟರ ತಾಳ ಕೂತ ಮೇಲೆ, ಚಪ್ಪಾಳೆಯನ್ನು ಪಕ್ಕದವರ ಅಂಗೈಗೆ ಕೊಡಿ. ಅದೂ ಕೂತ ಮೇಲೆ ಕೈಗೆ ಕೋಲು ಬರಲಿ. ಒಂದೂವರೆ ಅಡಿ ಉದ್ದದ, ನಯವಾದ ಕೋಲು ಸಾಕು. ಕೊನೆಗೆ ಥಟ್ಟನೆ ಕುಳಿತುಬಿಡದೆ ಮೆಲ್ಲಗೆ ನಡೆದು ಉಸಿರನ್ನು ಇಳಿಸಿಕೊಳ್ಳಿ. ಹೃದ್ರೋಗ, ರಕ್ತದೊತ್ತಡ, ಮಂಡಿನೋವು ಇರುವವರು ವೈದ್ಯರನ್ನು ಕೇಳಿ ತೊಡಗಿರಿ. ಎದೆ ನೋವೋ ತಲೆ ಸುತ್ತೋ ಕಂಡರೆ ಅಲ್ಲಿಗೇ ನಿಲ್ಲಿಸಿ.

ಕಂಸಾಳೆಯನ್ನು ಮಾತ್ರ ಹೀಗೆ ಮನೆಯಲ್ಲಿ ತಾನೇ ಕಲಿಯಲು ಹೊರಡಬೇಡಿ. ಪೆಟ್ಟಾಗುತ್ತದೆಂಬುದು ಒಂದು ಕಾರಣ. ಅದು ಹರಕೆ ಹೊತ್ತು, ದೀಕ್ಷೆ ಪಡೆದವರ ವಾದ್ಯವೆಂಬುದು ಇನ್ನೊಂದು. ಈಗ ಶಾಲೆಗಳ ವಾರ್ಷಿಕೋತ್ಸವದಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕಂಸಾಳೆ ಕುಣಿಯುವುದನ್ನು ಕಂಡು ನನಗೆ ಸಂತೋಷವೇ ಆಗುತ್ತದೆ. ಆದರೆ ಮುದ್ರಿಸಿದ ಹಾಡು ಹಾಕಿ ಹದಿನೈದು ದಿನ ಕೈಕಾಲು ಆಡಿಸಿದರೆ ಮಕ್ಕಳಿಗೆ ದಕ್ಕುವುದು ವೇಷ ಮಾತ್ರ. ಹತ್ತಿರದ ಊರಿನ ಗುಡ್ಡರೊಬ್ಬರನ್ನು ಗೌರವದಿಂದ ಕರೆಸಿ, ಗುರುವಿನ ಸ್ಥಾನದಲ್ಲಿ ಕೂರಿಸಿ, ಅವರ ದಿನಗೂಲಿ ಕಳೆಯುವುದಕ್ಕೆ ಬದಲಾಗಿ ತಕ್ಕ ಸಂಭಾವನೆ ಕೊಟ್ಟು ಕಲಿಸಿ. ಆಗ ಕಲೆಯೂ ಉಳಿದೀತು, ಕಲಾವಿದನ ಒಲೆಯೂ ಉರಿದೀತು.

ಹಿಂದೆ ಹೊಲಗದ್ದೆಯ ಕೆಲಸವೇ ಮೈಗೆ ಸಾಮು ಕೊಡುತ್ತಿತ್ತು. ಕುಣಿತ ಆ ದುಡಿದ ಮೈಗೆ ಹಬ್ಬವಾಗಿತ್ತು. ಇಂದು ಪಟ್ಟಣದಲ್ಲಿ ನಾವು ಕುಳಿತು ದುಡಿಯುತ್ತೇವೆ, ಕುಳಿತು ಪ್ರಯಾಣ ಮಾಡುತ್ತೇವೆ, ಕುಳಿತೇ ವಿನೋದಪಡುತ್ತೇವೆ. ನೀವು ಈ ಮಾತನ್ನೂ ಕುಳಿತೇ ಓದುತ್ತಿರಬಹುದು. ಓದಿ ಮುಗಿಯಿತಲ್ಲ, ಇನ್ನು ಏಳಿ. ರೇಡಿಯೋದಲ್ಲಿ ಜನಪದ ಗೀತೆ ಬಂದಾಗ ಮಕ್ಕಳನ್ನು ಕರೆದು ನಡುಮನೆಯಲ್ಲಿ ಒಂದು ವೃತ್ತ ಕಟ್ಟಿ. ಹೆಜ್ಜೆ ತಪ್ಪುವ ಮಗುವೊಂದಿದ್ದರೆ ಅದನ್ನು ನೆರಳಿಗೆ ಕಳುಹಿಸಬೇಡಿ. ಅದರ ಕೈ ಹಿಡಿದುಕೊಂಡು, ತಾಳವನ್ನು ತುಸು ನಿಧಾನ ಮಾಡಿ.