ಬಳ್ಳಿಯ ಗಾಯ, ಯಾರ ಹೊಣೆ?

(ಯಲಹಂಕದ ಸಭೆಯಲ್ಲಿ ಮಾಡಿದ ಭಾಷಣ)



ದ್ರಾಕ್ಷಿಯ ರೋಗದ ಮಾತು ಗಿರಣಿ ಕೆಲಸಗಾರರ ಸಭೆಯಲ್ಲೇಕೆ ಎಂದು ಮಿತ್ರರೊಬ್ಬರು ಕೇಳಿದರು. ಯಲಹಂಕದ ಸುತ್ತ ತೋಟಗಳಿದ್ದಲ್ಲಿ ಬಡಾವಣೆಗಳೆದ್ದಿವೆ, ನಿಜ. ಆದರೆ ನಿಮ್ಮಲ್ಲಿ ಎಷ್ಟು ಜನರ ಅಣ್ಣತಮ್ಮಂದಿರು ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಚಪ್ಪರದ ಕೆಳಗೆ ದುಡಿಯುತ್ತಿದ್ದಾರೆ? ಇಲ್ಲಿ ಕುಳಿತಿರುವ ವ್ಯಾಪಾರಿಗಳ ತಕ್ಕಡಿಗೆ ಬರುವ ಕಪ್ಪು ಹಣ್ಣು ಎಲ್ಲಿಯದು?

ಆ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೆಸರಿಗೆ ರಕ್ಷಣೆ ಬಂತು, ಸಂತೋಷ. ಬಳ್ಳಿಯ ಗತಿ ನೋಡೋಣ.

ಒಂದು ವರ್ಷ ಬಳ್ಳಿಯ ಒಂದು ತೋಳು ಚಿಗುರುವುದಿಲ್ಲ. ಮರುವರ್ಷ ಪಕ್ಕದ ತೋಳು. ಕೊನೆಗೆ ಬುಡದವರೆಗೆ ಒಣಗುತ್ತದೆ. ರೈತ ನೀರು ಸಾಲದು ಎನ್ನುತ್ತಾನೆ, ಗೊಬ್ಬರ ಸಾಲದು ಎನ್ನುತ್ತಾನೆ, ಆಮೇಲೆ ಹಣೆಬರಹ ಎನ್ನುತ್ತಾನೆ. ಮೇಷ್ಟರಾಗಿದ್ದಾಗ ನಾನೂ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟೆ, ತಪ್ಪು ಪಾಠ. ಒಣಗಿದ ತೋಳನ್ನು ಅಡ್ಡಲಾಗಿ ಕತ್ತರಿಸಿ ನೋಡಿರಿ. ಬಿಳಿ ಮರದ ನಡುವೆ ಕಂದು ಬಣ್ಣದ ಮುಮ್ಮೂಲೆಯ ಹೋಳೊಂದು ಕಾಣುತ್ತದೆ. ಅದು ಶಿಲೀಂಧ್ರದ ಕೆಲಸ. ಅದಕ್ಕೆ ಮೊದಲು ಬಾಟ್ರಿಯೋಡಿಪ್ಲೋಡಿಯಾ ಎನ್ನುತ್ತಿದ್ದರು, ಈಗ ಲ್ಯಾಸಿಯೋಡಿಪ್ಲೋಡಿಯಾ ಎನ್ನುತ್ತಾರೆ. ಹೆಸರು ಮರೆತರೂ ಸರಿ, ಅದು ಒಳಗೆ ಬರುವ ಬಾಗಿಲನ್ನು ಮರೆಯಬೇಡಿರಿ.

ಬಾಗಿಲೆಂದರೆ ಕತ್ತರಿಯ ಗಾಯ. ನೀಲಿ ದ್ರಾಕ್ಷಿ ವರ್ಷಕ್ಕೆ ಎರಡು ಫಸಲು ಕೊಡುತ್ತದೆ; ಎರಡು ಸಲ ಸವರಬೇಕು. ಸತ್ತ ಕಡ್ಡಿಯ ಮೇಲಿನ ಬೀಜಕಣ ಮಳೆಹನಿಯೊಡನೆ ಸಿಡಿದು ಹಸಿ ಗಾಯಕ್ಕೆ ಬೀಳುತ್ತದೆ. ಒಳಹೊಕ್ಕು, ಸುಳಿವು ಕೊಡದೆ ವರ್ಷಗಟ್ಟಲೆ ಮರವನ್ನು ತಿನ್ನುತ್ತದೆ. ಆಮೇಲೆ ಗುಣಪಡಿಸುವ ಔಷಧಿ ಫ್ರಾನ್ಸಿನಲ್ಲೂ ಇಲ್ಲ. ಕಾಂಡದ ರೋಗಕ್ಕೆ ಅಲ್ಲಿ ಬಳಸುತ್ತಿದ್ದ ಪಾಷಾಣವನ್ನು ಮನುಷ್ಯರಿಗೆ ಅಪಾಯವೆಂದು 2001ರಲ್ಲಿ ನಿಷೇಧಿಸಿದರು.

ತಡೆಯುವ ಮದ್ದು ಮಾತ್ರ ಹಳೆಯದು, ಸುಲಭದ್ದು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್. ಇದೇ ಬೋರ್ಡೋ ಮುಲಾಮು. ಕಬ್ಬಿಣದ ಪಾತ್ರೆ ಬೇಡ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆಂದೇ ಲೋಕಕ್ಕೆ ತಿಳಿಸಿದ ಮದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೋಲ್ಮನ್ ಸಾಹೇಬರು ಇದರ ದ್ರಾವಣವನ್ನೇ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಿದರು.

ಹಾಗಾದರೆ ಬಳಿಯುವುದಿಲ್ಲವೇಕೆ? ಗಿಡಕ್ಕೆ ಇಷ್ಟು ಎಂದು ಕೂಲಿ ಗೊತ್ತುಮಾಡಿದರೆ, ಒಂದೊಂದು ಗಾಯಕ್ಕೂ ಮುಲಾಮು ಹಚ್ಚುತ್ತ ಆಳು ನಿಂತಾನೆಯೇ? ಪೀಸ್ ರೇಟಿನ ಗತಿಯನ್ನು ನಿಮಗೆ ನಾನು ಹೇಳಬೇಕೆ! ಫಸಲಿಗೆ ಮುಂಗಡ ಕೊಟ್ಟವನಿಗೆ ಈ ವರ್ಷದ ಹಣ್ಣು ಸಾಕು. ಮುಂದೆಂದೋ ಒಣಗುವ ಬುಡ, ಕಲ್ಲುಕಂಬ ತಂತಿಗಳಿಗೆ ಮಾಡಿದ ಸಾಲ, ಎಲ್ಲವೂ ರೈತನ ತಲೆಗೆ. ಸವರಿದ ಕಡ್ಡಿಯನ್ನು ಬದುವಿನಲ್ಲಿ ರಾಶಿ ಹಾಕಿದರೆ ಪಕ್ಕದ ತೋಟಕ್ಕೂ ರೋಗ. ಒಬ್ಬನೇ ಸುಟ್ಟರೆ ಸಾಲದು, ಊರೆಲ್ಲ ಕೂಡಿ ಸುಡಬೇಕು.

ಊರಿಗೆ ಹೋದಾಗ ತಿಳಿಸಿರಿ: ಮಳೆಮೋಡವಿದ್ದ ದಿನ ಕತ್ತರಿ ಹಿಡಿಯಬಾರದು. ಕಂದು ಬಣ್ಣ ಮುಗಿದು ಬಿಳಿ ಮರ ಕಾಣುವವರೆಗೆ ಒಣ ತೋಳನ್ನು ಕತ್ತರಿಸಬೇಕು, ಅಂದೇ ಮುಲಾಮು ಬಳಿಯಬೇಕು, ಬಳಿಯುವವರಿಗೆ ದಿನಗೂಲಿ ಕೊಡಬೇಕು. ವ್ಯಾಪಾರಿ ಮಿತ್ರರೇ, ಮುಂಗಡದ ಕರಾರು ಬರೆಯುವಾಗ ಆ ಕೂಲಿಯಲ್ಲಿ ನಿಮ್ಮ ಪಾಲನ್ನೂ ಬರೆಯಿರಿ.