ಹುಳಿಹೆಪ್ಪಿನ ಬ್ರೆಡ್ಡು ಮತ್ತು ದುಡಿಯುವವನ ರಾತ್ರಿ
(ಬೆಳುವಾಯಿಯಲ್ಲಿ ಮಾಡಿದ ಭಾಷಣ)



‘ಸಾವರ್‌ಡೋ’ ಎಂಬ ಬ್ರೆಡ್ಡು ಈಗ ಪಟ್ಟಣಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಉಳ್ಳವರ ತಿಂಡಿಯ ಮಾತು ನಮಗೇಕೆ ಎಂದು ನೀವು ಕೇಳಬಹುದು. ಹೆಸರು ಹೊಸದು, ವಿದ್ಯೆ ನಮ್ಮ ಅಡಿಗೆಮನೆಯದೇ. ರಾತ್ರಿ ರುಬ್ಬಿಟ್ಟ ಉದ್ದಿನ ಹಿಟ್ಟು ಬೆಳಿಗ್ಗೆ ತಾನಾಗಿ ಉಬ್ಬಿರುತ್ತದೆ. ಕೊಂಕಣಿ ಕ್ರೈಸ್ತರ ಸಾನ್ನಾಂ ಶೇಂದಿಯಿಂದ ಉಬ್ಬುತ್ತದೆ. ನಮ್ಮ ಹೋಟೆಲುಗಳ ಬನ್ಸಿನ ಹಿಟ್ಟು ಬಾಳೆಹಣ್ಣು, ಮೊಸರಿನೊಡನೆ ರಾತ್ರಿಯಿಡೀ ನೆನೆಯುತ್ತದೆ.

ಇದೂ ಹಾಗೆಯೇ. ಗೋಧಿಹಿಟ್ಟು, ನೀರು ಕಲಸಿಟ್ಟು, ದಿನವೂ ಒಂದು ಪಾಲು ತೆಗೆದು ಹೊಸ ಹಿಟ್ಟು ಸೇರಿಸುತ್ತಿದ್ದರೆ ಒಂದೆರಡು ವಾರದಲ್ಲಿ ಹೆಪ್ಪು ಸಿದ್ಧ. ಅದರಲ್ಲಿ ತಾನಾಗಿ ಬೆಳೆದ ಯೀಸ್ಟ್ ಉಬ್ಬಿಸುತ್ತದೆ. ಮೊಸರಿನ ಜಾತಿಯ ಸೂಕ್ಷ್ಮಜೀವಿಗಳು ಹುಳಿ ಕೊಡುತ್ತವೆ. ನೆರೆಮನೆಗೆ ಒಂದು ಚಮಚ ಕೊಟ್ಟರೆ ನಮ್ಮದು ಕಡಮೆಯಾಗದು. ಈ ಹೆಪ್ಪಿಗೆ ಒಡೆಯನಿಲ್ಲ.

ಹಾಗಾದರೆ ಬೆಲೆ ಯಾತಕ್ಕೆ? ಮುಖ್ಯವಾಗಿ ಕಾಲಕ್ಕೆ, ಕೈಗೆಲಸಕ್ಕೆ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ರೂಪಿಸಿದ ಯಂತ್ರವಿಧಾನದಲ್ಲಿ ಮೂರೂವರೆ ಗಂಟೆಯೊಳಗೆ ಬ್ರೆಡ್ಡು ತಯಾರು. ಅದರಿಂದ ಬ್ರೆಡ್ಡು ಅಗ್ಗವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಹುಳಿಹೆಪ್ಪಿಗಾದರೋ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಬೇಕು.

ಆ ಕಾಲವನ್ನು ತೆರುವವರು ಯಾರು? ನಿಜವಾದ ಪ್ರಶ್ನೆ ಇದು. 1860ರ ದಶಕದ ಲಂಡನ್ನಿನಲ್ಲಿ ಬೇಕರಿಯ ಕೂಲಿಯಾಳು ರಾತ್ರಿ ಹನ್ನೊಂದಕ್ಕೆ ಹಿಟ್ಟು ಕಲಸತೊಡಗಿ, ನಾದುವ ಹಲಗೆಯ ಮೇಲೆಯೇ ಗೋಣಿ ಹಾಸಿ ಒಂದೆರಡು ಗಂಟೆ ಮಲಗುತ್ತಿದ್ದ. ಮಾರ್ಕ್ಸ್ ತನ್ನ ‘ಬಂಡವಾಳ’ದಲ್ಲಿ ಇದನ್ನು ದಾಖಲಿಸಿದ್ದಾನೆ. 1863ರ ಕಾನೂನು ಹದಿನೆಂಟು ತುಂಬದವರನ್ನು ಮಾತ್ರ ರಾತ್ರಿ ದುಡಿಮೆಯಿಂದ ಬಿಡಿಸಿತು. 1925ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ರಾತ್ರಿ ಬ್ರೆಡ್ಡು ಮಾಡುವುದನ್ನೇ ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿತು. ಮಾಲೀಕನಿಗೂ ಅದು ಅನ್ವಯಿಸುತ್ತಿತ್ತು.

ಹುಳಿಹೆಪ್ಪಿನ ಹಿಟ್ಟು ಇಲ್ಲಿ ದುಡಿಯುವವನ ಕಡೆಗೆ ನಿಲ್ಲಬಲ್ಲದು. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟರೆ ಬೇಗ ಹುಳಿಯೇರಿ ಕೆಡುತ್ತದೆ, ನಿಜ. ಸಂಜೆ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ರಾತ್ರಿಯೆಲ್ಲ ಅದು ನಿಧಾನವಾಗಿ ಹದಕ್ಕೆ ಬರುತ್ತದೆ, ಕೆಲಸಗಾರ ಮನೆಯಲ್ಲಿ ನಿದ್ರಿಸುತ್ತಾನೆ. ಬೆಳಿಗ್ಗೆ ಬಂದು ಒಲೆ ಹೊತ್ತಿಸಿದರಾಯಿತು.

ಮೂಡಬಿದಿರೆ–ಕಾರ್ಕಳ ದಾರಿಯ ಈ ಬೆಳುವಾಯಿಯಲ್ಲಿ ಅಂಥ ಬೇಕರಿಯೊಂದನ್ನು ತೆರೆಯುವುದಾದರೆ ನಾಲ್ಕೈದು ಅಂಗಡಿಯವರು ಸೇರಿಯೇ ತೆರೆಯಬಹುದು. ಹಿಂದಿನ ದಿನವೇ ಬೇಡಿಕೆ ಬರೆದುಕೊಂಡು ಅಷ್ಟನ್ನೇ ಸುಟ್ಟರೆ ಮಾಲು ಉಳಿಯದು. ಉಳಿದರೂ ಹುಳಿಯಿಂದಾಗಿ ಈ ಬ್ರೆಡ್ಡಿಗೆ ಬೂಸು ಬೇಗ ಹಿಡಿಯದು. ಸಣ್ಣ ವ್ಯಾಪಾರಿಗೆ ಅದೂ ಲಾಭವೇ. ದೊಡ್ಡದನ್ನು ಕೊಳ್ಳಲಾರದವನಿಗೆ ಸಣ್ಣದನ್ನೂ ಮಾಡಿ ಮಾರಬೇಕು.

ವಿನೆಗರ್ ಬೆರೆಸಿ ಹುಳಿ ಬರಿಸಿದ ಬ್ರೆಡ್ಡಿಗೂ ಇದೇ ಹೆಸರು ಅಂಟಿಸುವವರುಂಟು. ಆದ್ದರಿಂದ ಕೊಳ್ಳುವಾಗ ಎರಡು ಮಾತು ಕೇಳೋಣ: ಹಿಟ್ಟು ಎಷ್ಟು ಹೊತ್ತು ನೆನೆಯಿತು? ಅದಕ್ಕಾಗಿ ಯಾರಾದರೂ ನಿದ್ದೆಗೆಟ್ಟರೋ?