ಹೆಸರು ತಪ್ಪಿದ ಮಚ್ಚೆ

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಮೈಮೇಲಿನ ಮಚ್ಚೆಗೆ ಗಜಕರ್ಣವೆನ್ನುವುದು ರೂಢಿ. ಹೆದರಿದವರು ಕುಷ್ಠವೆಂದು ಬಗೆದು ಮುಚ್ಚಿಡುವರು. ನಾನೂ ಸೊಂಟದ ಮಚ್ಚೆಗಳನ್ನು ಆರು ವರ್ಷ ಧೋತರದಡಿ ಮರೆಸಿದೆ. ಕಡೆಗೆ ಕಂಡ ಚರ್ಮವೈದ್ಯರು ಮೊದಲು ಕೇಳಿದ್ದು, ಮುಟ್ಟಿದರೆ ಅರಿವಾಗುತ್ತದೆಯೇ ಎಂದು. ಆಗುತ್ತಿತ್ತು, ಕುಷ್ಠದ ಮಚ್ಚೆಯಲ್ಲಾದರೆ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ. ಚರ್ಮದ ಚೂರನ್ನು ಪರೀಕ್ಷಿಸಿ, ದೊಡ್ಡ ಮಚ್ಚೆಗಳ ಪ್ಯಾರಾಸೋರಿಯಾಸಿಸ್ ಎಂದರು. ಅಂಟುರೋಗವಲ್ಲ; ಆದರೆ ಕೆಲವರಲ್ಲಿ, ವರ್ಷಗಳು ಕಳೆದ ಮೇಲೆ, ಚರ್ಮದ ಲಿಂಫೋಮಾ ಆಗಿ ತಿರುಗಬಹುದು.

ಆ ಅರ್ಬುದವನ್ನು 1806ರಲ್ಲಿ ವರ್ಣಿಸಿದವನು ಪ್ಯಾರಿಸ್ಸಿನ ಆಲಿಬೇರ್. ಗಂಟುಗಳು ಅಣಬೆಯಂತೆ ಕಂಡದ್ದರಿಂದ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಹೆಸರು ನಿಂತಿತು; ಅಣಬೆಗೂ ಅದಕ್ಕೂ ನಂಟಿಲ್ಲ. ಹೆಸರಿನಲ್ಲಿ ಎಡವುವವರು ನಮ್ಮವರಷ್ಟೇ ಅಲ್ಲ!

ಒಮ್ಮೆಯ ಪರೀಕ್ಷೆ ಸಾಲದು; ಮಚ್ಚೆ ದಪ್ಪವಾದರೆ ಮತ್ತೆ ಚೂರು ತೆಗೆಯಬೇಕು. ಆರು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಿಬರುತ್ತೇನೆ. ಮಚ್ಚೆಗಳನ್ನು ಈಗ ಪತ್ನಿಗೂ ತೋರಿಸಿದ್ದೇನೆ.